ಊರು ಕೈ ಬದಲಾಗುವಾಗ ಜನ ಏನನ್ನು ನಂಬಬೇಕು? ಕೊಳ್ಳೇಗಾಲ, ಯಳಂದೂರು, ಹನೂರಿನ ಲೆಕ್ಕ

ಕರ್ನಾಟಕದ ಹಳೆಯ ಕಾಯ್ದೆಗಳನ್ನು ತಿರುವಿಹಾಕಿದರೆ ಒಂದು ವಿಚಿತ್ರ ಹೆಸರು ಕಣ್ಣಿಗೆ ಬೀಳುತ್ತದೆ: 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ'. ಮಂಗಳೂರು ಕಡಲ ತೀರದ ಬಂದರು. ಕೊಳ್ಳೇಗಾಲ ಕಾವೇರಿ ಸೀಮೆಯ ರೇಷ್ಮೆ ಪೇಟೆ. ನಡುವೆ ಘಟ್ಟ ಇದೆ, ಕೊಡಗು ಇದೆ, ಇಡೀ ಮೈಸೂರು ಇದೆ. ಊಟ, ಮಾತು, ಮಳೆ ಯಾವುದೂ ಒಂದೇ ಅಲ್ಲ. ಆದರೂ ಕಾನೂನಿನ ಕಣ್ಣಿಗೆ ಇವೆರಡೂ ಒಂದೇ 'ಪ್ರದೇಶ'. ಕಾರಣ ಸರಳ. 1956ರ ನವೆಂಬರ್ 1ಕ್ಕೆ ಮೊದಲು ಎರಡೂ ಮದ್ರಾಸ್ ರಾಜ್ಯದಲ್ಲಿದ್ದವು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ, ಅಲ್ಲಿಯತನಕ 'ಮದ್ರಾಸ್ ಪ್ರದೇಶ' ಅಂತಿದ್ದ ಪದ ಹೋಗಿ ಈ ಜೋಡಿ ಹೆಸರು ಬಂತು.

ಈ ಹೆಸರಿನ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಒಂದು ಸೀಮೆ ಒಬ್ಬರ ಆಳ್ವಿಕೆಯಿಂದ ಇನ್ನೊಬ್ಬರ ಆಳ್ವಿಕೆಗೆ ಹೋಗುವಾಗ ಅಲ್ಲಿನ ಜನರಿಗೆ ಒಂದಿಷ್ಟು ಭರವಸೆ ಕೊಡುತ್ತಾರೆ. ನಿಮ್ಮ ಕಾನೂನು, ನಿಮ್ಮ ಭಾಷೆ, ನಿಮ್ಮ ಆಸ್ತಿ ಹಾಗೇ ಇರುತ್ತೆ ಅಂತಾರೆ. ಆ ಮಾತನ್ನು ನಂಬಬೇಕೋ ಬೇಡವೋ ಅಂತ ತೀರ್ಮಾನಿಸೋದು ಹೇಗೆ?

ಈ ಪ್ರಶ್ನೆ ಬಂದಾಗಲೆಲ್ಲ ನಾವು ಹಾಂಕಾಂಗ್ ಕಡೆ ನೋಡುತ್ತೇವೆ. 1984ರಲ್ಲಿ ಬ್ರಿಟನ್ ಮತ್ತು ಚೀನಾ ಜಂಟಿ ಘೋಷಣೆಗೆ ಸಹಿ ಹಾಕಿದವು. ಹಸ್ತಾಂತರ ಆಗಿದ್ದು 1997ರ ಜುಲೈ 1ರಂದು. ನಡುವಿನ ಹದಿಮೂರು ವರ್ಷ ಅಲ್ಲಿನ ಜನರ ವಿಶ್ವಾಸ ಎಷ್ಟಿದೆ ಅಂತ ಸಮೀಕ್ಷೆಗಳು ಅಳೆಯುತ್ತಲೇ ಇದ್ದವು. ನಮ್ಮ ಕಡೆ ಯಾರೂ ಅಳೆಯಲಿಲ್ಲ. ಆದರೆ ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಹಾಂಕಾಂಗ್‌ಗಿಂತ ಹಳೆಯ, ಹಾಂಕಾಂಗ್‌ಗಿಂತ ವಿವರವಾದ ಪಾಠ ಇದೆ. ಯಾವ ಭರವಸೆ ಎಷ್ಟು ದಿನ ಬಾಳಿತು ಅನ್ನೋದು ಇಲ್ಲಿ ದಾಖಲೆಯಲ್ಲೇ ಇದೆ.

ಮೊದಲೇ ಒಂದು ಸ್ಪಷ್ಟನೆ. 1956ರಲ್ಲಿ ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಬಂದಿದ್ದು ಸಾರ್ವಭೌಮತ್ವದ ಹಸ್ತಾಂತರ ಅಲ್ಲ, ಒಂದೇ ದೇಶದೊಳಗಿನ ಬದಲಾವಣೆ. ಆ ಪದಕ್ಕೆ ಸರಿಯಾಗಿ ಹೊಂದುವ ಘಟನೆ ನಡೆದಿದ್ದು 1947ರಿಂದ 1949ರ ನಡುವೆ, ಯಳಂದೂರು ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ವಿಷಯ ಗೊತ್ತಾಗೋದು.

ಮೊದಲು ನಕ್ಷೆ

ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿ ಕೊಳ್ಳೇಗಾಲ ದಾಟಿದರೆ ಯಳಂದೂರು. ನಡುವಿನ ದೂರ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ಬಸ್ಸಿನಲ್ಲಿ ಕೂತು ಒಂದು ಹಾಡು ಹುಡುಕಿ ಹಾಕೋ ಅಷ್ಟರಲ್ಲಿ ಯಳಂದೂರು ಬಂದಿರುತ್ತೆ. ಆದರೆ 1799ರಿಂದ 1956ರವರೆಗೆ, ಅಂದರೆ 157 ವರ್ಷ, ಈ ಎರಡು ಊರುಗಳ ನಡುವೆ ಗಡಿ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ ರಾಜ್ಯವನ್ನು ಹಂಚಿದರು. ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಅದರ ಜೊತೆ ಕೊಳ್ಳೇಗಾಲವೂ. ಇವತ್ತಿನ ಹನೂರು, ರಾಮಾಪುರ, ಮಲೆ ಮಹದೇಶ್ವರ ಬೆಟ್ಟ ಎಲ್ಲವೂ ಆ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದವು. ಯಳಂದೂರು ಮೈಸೂರು ಒಡೆಯರ ಪಾಲಿಗೆ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು.

ಹೀಗೆ ಪಕ್ಕಪಕ್ಕದ ಎರಡು ಊರಿನ ಹಣೆಬರಹ ಬೇರೆ ಬೇರೆ ಆಯಿತು. ಕೊಳ್ಳೇಗಾಲದ ರೈತನ ಕಲೆಕ್ಟರ್ ಕೊಯಮತ್ತೂರಿನಲ್ಲಿ, ಸರ್ಕಾರ ಮದ್ರಾಸಿನಲ್ಲಿ. ಯಳಂದೂರಿನ ರೈತನ ಮೇಲೆ ಜಹಗೀರ್‌ದಾರರು, ಅವರ ಮೇಲೆ ಮಹಾರಾಜರು, ಅವರ ಮೇಲೆ ಬ್ರಿಟಿಷ್ ರೆಸಿಡೆಂಟ್. ಕಾಗದದ ಮೇಲೆ ನೋಡಿದರೆ ಯಳಂದೂರಿಗೆ ಎರಡು ಪದರದ ಸ್ವಾಯತ್ತತೆ: ಸಂಸ್ಥಾನದ್ದು ಒಂದು, ಜಹಗೀರಿನದ್ದು ಇನ್ನೊಂದು. ಆದರೆ ಆ ಸ್ವಾಯತ್ತತೆ ಯಾರದು? ಜಹಗೀರ್‌ದಾರರದು, ಅರಮನೆಯದು. ಹೊಲ ಉಳುವವನದ್ದಂತೂ ಅಲ್ಲ. ಸೀಮೆಗೆ ಸ್ವಾಯತ್ತತೆ ಇದ್ದ ಮಾತ್ರಕ್ಕೆ ಸೀಮೆಯ ಜನರಿಗೆ ದನಿ ಇದೆ ಅಂತ ಅರ್ಥ ಅಲ್ಲ.

ದೊಡ್ಡ ಮಾತು: 27 ತಿಂಗಳು

1947ರ ಆಗಸ್ಟ್ 15 ಈ ಎರಡು ಊರಿಗೂ ಒಂದೇ ಥರ ಬರಲಿಲ್ಲ. ಕೊಳ್ಳೇಗಾಲ ಬ್ರಿಟಿಷ್ ಪ್ರಾಂತ್ಯದ ಭಾಗ, ಹಾಗಾಗಿ ನೇರವಾಗಿ ಸ್ವತಂತ್ರ ಭಾರತದ ಭಾಗವಾಯಿತು. ಯಳಂದೂರು ಭಾರತಕ್ಕೆ ಸೇರಿದ್ದು ಒಂದು ಸಹಿಯ ಮೂಲಕ. ಆ ಆಗಸ್ಟ್‌ನಲ್ಲಿ ಜಯಚಾಮರಾಜ ಒಡೆಯರು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು.

ಆ ಪತ್ರದ ಒಕ್ಕಣೆ ಗಟ್ಟಿಯಾಗಿತ್ತು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಈ ಮೂರು ವಿಷಯ ಮಾತ್ರ ಭಾರತ ಸರ್ಕಾರಕ್ಕೆ. ಮುಂದೆ ಬರುವ ಸಂವಿಧಾನವನ್ನು ಒಪ್ಪಲೇಬೇಕು ಅಂತ ಈ ಪತ್ರ ತನ್ನನ್ನು ಕಟ್ಟಿಹಾಕುವುದಿಲ್ಲ ಅಂತ ಏಳನೇ ಕಲಂನಲ್ಲಿತ್ತು. ರಾಜ್ಯದ ಮೇಲಿನ ತನ್ನ ಸಾರ್ವಭೌಮತ್ವ ಮುಂದುವರಿಯುತ್ತದೆ ಅಂತ ಎಂಟನೇ ಕಲಂನಲ್ಲಿತ್ತು. ಸ್ವಾಯತ್ತತೆಯ ಭರವಸೆ ಅಂದರೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು?

ಅದು ಬಾಳಿದ್ದು 27 ತಿಂಗಳು. 1949ರ ನವೆಂಬರ್ 25ರಂದು ಮಹಾರಾಜರೇ ಘೋಷಣೆ ಹೊರಡಿಸಿ ಭಾರತದ ಸಂವಿಧಾನವನ್ನು ಮೈಸೂರಿಗೆ ಒಪ್ಪಿಕೊಂಡರು.

ಇದನ್ನು 'ಮೋಸ' ಅಂತ ಯಳಂದೂರಿನಲ್ಲಿ ಆಗಲಿ, ಮೈಸೂರಿನಲ್ಲಿ ಆಗಲಿ ಯಾರೂ ನೆನಪಿಟ್ಟುಕೊಂಡಿಲ್ಲ. ಯಾಕೆ? ಆ ದಿನಗಳಲ್ಲಿ ಜನರ ಅಪನಂಬಿಕೆ ಇದ್ದಿದ್ದು ದೆಹಲಿಯ ಮೇಲಲ್ಲ, ತಮ್ಮದೇ ದಿವಾನರ ಆಡಳಿತದ ಮೇಲೆ. 1947ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಮೈಸೂರು ಚಲೋ' ಕೇಳಿದ್ದು ಜವಾಬ್ದಾರಿ ಸರ್ಕಾರ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ನೇತೃತ್ವದಲ್ಲಿ ಮಂತ್ರಿಮಂಡಲ ಬಂತು. ಆಮೇಲೆ ಮೈಸೂರಿಗೇ ಒಂದು ಸಂವಿಧಾನ ಸಭೆ ಆಯ್ಕೆಯಾಯಿತು. ಭಾರತದ ಸಂವಿಧಾನವೇ ಸಾಕು ಅಂತ ನಿರ್ಣಯ ಮಾಡಿದ್ದು ಆ ಸಭೆ. ಸ್ವಾಯತ್ತತೆ ಕರಗಿತು ನಿಜ, ಆದರೆ ಜನರ ಪ್ರತಿನಿಧಿಗಳ ಕೈಯಿಂದ ಕರಗಿತು.

ಕಾಶ್ಮೀರದ ಜೊತೆ ಹೋಲಿಸಿ ನೋಡಿ. ಅಲ್ಲಿನ ಮಹಾರಾಜ 1947ರ ಅಕ್ಟೋಬರ್ 26ರಂದು ಸಹಿ ಹಾಕಿದ್ದು ಬಹುಮಟ್ಟಿಗೆ ಇದೇ ನಮೂನೆಯ ಪತ್ರಕ್ಕೆ. ಅಲ್ಲೂ ಸಂವಿಧಾನ ಸಭೆ ಇತ್ತು, 1957ರ ಜನವರಿಯಲ್ಲಿ ಅದರ ಕೆಲಸ ಮುಗಿಯಿತು. 370ನೇ ವಿಧಿಯನ್ನು ಬದಲಿಸಲು ಆ ಸಭೆಯ ಶಿಫಾರಸು ಬೇಕು ಅಂತ ವಿಧಿಯೊಳಗೇ ಬರೆದಿತ್ತು. ಸಭೆಯೇ ಇಲ್ಲದಾಗ ಒಪ್ಪಿಗೆ ಕೊಡುವವರು ಯಾರು? 2019ರ ಆಗಸ್ಟ್ 5ರಂದು ಎದ್ದ ಪ್ರಶ್ನೆ ಇದೇ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರದ ಕ್ರಮವನ್ನು ಎತ್ತಿಹಿಡಿಯಿತು. ತೀರ್ಪು ಸರಿಯೋ ತಪ್ಪೋ ಅನ್ನೋದು ಬೇರೆ ಲೇಖನದ ವಿಷಯ. ನನಗೆ ಇಲ್ಲಿ ಕಾಣೋದು ಇಷ್ಟು: ಮಾತು ಎಷ್ಟು ದೊಡ್ಡದು ಅನ್ನೋದಕ್ಕಿಂತ, ಅದನ್ನು ಬದಲಿಸಬೇಕಾದರೆ ಯಾರನ್ನು ಕೇಳಬೇಕು ಅನ್ನೋದೇ ಮುಖ್ಯ.

ಕೊಳ್ಳೇಗಾಲವನ್ನು ಕೇಳಿದ್ದು ಯಾರು?

ಈಗ ಹೆದ್ದಾರಿಯ ಇನ್ನೊಂದು ತುದಿಗೆ ಬರೋಣ. 1953ರ ಕೊನೆಯಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಅಧ್ಯಕ್ಷರು ಫಜಲ್ ಅಲಿ, ಸದಸ್ಯರು ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಆಯೋಗ ಭೇಟಿ ಮಾಡಿತು. 1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಕೆಯಾಯಿತು. ಕನ್ನಡಿಗರೇ ಹೆಚ್ಚಿರುವ ಕೊಳ್ಳೇಗಾಲ ತಾಲ್ಲೂಕು ಹೊಸ ಕನ್ನಡ ರಾಜ್ಯಕ್ಕೆ ಸೇರಬೇಕು ಅಂತ ಅದರಲ್ಲಿತ್ತು.

ಮತದಾನ ನಡೆಯಲಿಲ್ಲ. ಸಂವಿಧಾನದ ಮೂರನೇ ವಿಧಿ ಅದನ್ನು ಕೇಳುವುದೂ ಇಲ್ಲ. ಸಂಬಂಧಪಟ್ಟ ರಾಜ್ಯಗಳ ಶಾಸನಸಭೆಗಳ ಅಭಿಪ್ರಾಯ ಪಡೆಯಬೇಕು, ಒಪ್ಪಿಗೆ ಪಡೆಯಬೇಕಿಲ್ಲ. ಆಯೋಗದ ವರದಿ ಬಂದ ಮೂರು ತಿಂಗಳೊಳಗೆ, 1955ರ ಡಿಸೆಂಬರ್‌ನಲ್ಲಿ, ಐದನೇ ತಿದ್ದುಪಡಿ ಆ ಅಭಿಪ್ರಾಯ ಹೇಳುವುದಕ್ಕೂ ಗಡುವು ಹಾಕುವ ಅಧಿಕಾರ ಕೊಟ್ಟಿತು. ಅಂದರೆ ರಾಜ್ಯದ ದನಿಯೇ ಸಲಹೆ ಮಟ್ಟದ್ದು, ತಾಲ್ಲೂಕಿನ ದನಿ ಲೆಕ್ಕಕ್ಕೇ ಇಲ್ಲ.

ಜನರನ್ನು ಕೇಳುವುದು ಆಗದ ಕೆಲಸ ಆಗಿತ್ತಾ? ಇಲ್ಲ. ಫ್ರೆಂಚರ ಕೈಲಿದ್ದ ಚಂದ್ರನಗರದಲ್ಲಿ 1949ರಲ್ಲಿ ಜನಮತ ತೆಗೆದುಕೊಂಡರು. ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅಂತ ಗೋವಾ 1967ರ ಜನವರಿಯಲ್ಲಿ ಮತ ಹಾಕಿತು, ಬೇಡ ಅಂದಿತು. ನಮ್ಮದೇ ಕೊಡಗು 1952ರಲ್ಲಿ ಪ್ರತ್ಯೇಕ ರಾಜ್ಯವಾಗಿತ್ತು. ಆ ವರ್ಷದ ಚುನಾವಣೆಯಲ್ಲಿ ವಿಲೀನವೇ ದೊಡ್ಡ ವಿಷಯ. ವಿಲೀನ ವಿರೋಧಿಸಿದ ತಕ್ಕಡಿ ಪಕ್ಷ 24ರಲ್ಲಿ 9 ಸ್ಥಾನ ಗೆದ್ದಿತು, ಕಾಂಗ್ರೆಸ್ 15. ನೇರವಾಗಿ ಅಲ್ಲದಿದ್ದರೂ ಕೊಡಗಿಗೆ ತನ್ನ ಮನಸ್ಸು ಹೇಳಲು ಒಂದು ವೇದಿಕೆ ಇತ್ತು. ಕೊಯಮತ್ತೂರು ಜಿಲ್ಲೆಯ ಮೂಲೆಯ ಒಂದು ತಾಲ್ಲೂಕಿಗೆ ಅದೂ ಇರಲಿಲ್ಲ.

ಹಾಗಂತ ಕೊಳ್ಳೇಗಾಲ ಒಲ್ಲದ ಮನಸ್ಸಿನಿಂದ ಬಂತು ಅಂತ ನಾನು ಹೇಳುತ್ತಿಲ್ಲ. ಮಾತು ಕನ್ನಡ, ದೇವರು ಮಾದಪ್ಪ, ಮೈಸೂರು ಹತ್ತಿರ. ಕೊಯಮತ್ತೂರಿಗೆ ಹೋಗಬೇಕಾದರೆ ಕಾಡು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲ ಹಾದು ಹೋಗಬೇಕು. ಅನುಮಾನ ಇದ್ದಿದ್ದು ಇನ್ನೊಂದು ಕಡೆ. ಹೊಸ ಪ್ರದೇಶಗಳು ಬಂದರೆ ತಮ್ಮ ಆದಾಯ ಅಲ್ಲಿಗೆ ಹರಿದುಹೋಗುತ್ತೆ ಅನ್ನೋ ಅಳುಕು ಹಳೇ ಮೈಸೂರಿನ ಬಹಳ ಜನರಿಗಿತ್ತು. ಕೆಂಗಲ್ ಹನುಮಂತಯ್ಯನವರಂಥವರು ಏಕೀಕರಣದ ಪರ ನಿಂತಾಗ ಎದುರಿಸಬೇಕಾಗಿ ಬಂದಿದ್ದು ಈ ಅಳುಕನ್ನೇ. ಮದ್ರಾಸಿಗೂ ನಷ್ಟ ಇತ್ತು. ಆ ರಾಜ್ಯದ ಹಿಪ್ಪುನೇರಳೆ ರೇಷ್ಮೆಯ ಮುಖ್ಯ ನೆಲೆಯೇ ಕೊಳ್ಳೇಗಾಲವಾಗಿತ್ತು.

ಸಣ್ಣ ಮಾತು: ಕಲಂ 119

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರಿಗೆ ಒಂದು ಚಟ ಉಳಿದುಬಿಡುತ್ತೆ. ಯಾವುದೇ ವ್ಯವಸ್ಥೆ ಕಂಡರೂ, ಹಳೆಯದರಿಂದ ಹೊಸದಕ್ಕೆ ದಾಟುವಾಗ ನಡುರಾತ್ರಿ ಏನಾಗುತ್ತೆ ಅಂತ ಮೊದಲು ನೋಡುತ್ತೇವೆ. 1956ರ ಅಕ್ಟೋಬರ್ 31ರ ರಾತ್ರಿ ಕೊಳ್ಳೇಗಾಲ ಮದ್ರಾಸಿನಲ್ಲಿತ್ತು, ಬೆಳಗಾದರೆ ಮೈಸೂರಿನಲ್ಲಿ. ಆ ರಾತ್ರಿ ಅಲ್ಲಿನ ಕಾನೂನಿಗೆ ಏನಾಯಿತು?

ಏನೂ ಆಗಲಿಲ್ಲ. ಹಾಗೆ ಆಗದಂತೆ ನೋಡಿಕೊಂಡಿದ್ದು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಏಳನೇ ಕಲಂ ಹೊಸ ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳನ್ನು ಪಟ್ಟಿ ಮಾಡಿತು, ಅದರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕೂ ಒಂದು. ಅದು ಮೈಸೂರು ಜಿಲ್ಲೆಗೆ ಸೇರಿತು. ಕೆಲಸದ ಮಾತು ಇದ್ದಿದ್ದು ಮಾತ್ರ ಹಿಂದಿನ ಪುಟಗಳಲ್ಲಿ:

• ಕಲಂ 119: ಒಂದು ಪ್ರದೇಶದಲ್ಲಿ ಜಾರಿಯಲ್ಲಿದ್ದ ಕಾನೂನು, ಅಧಿಕಾರ ಇರುವ ಶಾಸನಸಭೆ ಬೇರೆ ಕಾನೂನು ಮಾಡುವ ತನಕ ಅಲ್ಲೇ ಮುಂದುವರಿಯುತ್ತದೆ.

• ಕಲಂ 115: ಹಳೇ ರಾಜ್ಯದ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು.

• ವರ್ಗಾವಣೆಯಾದ ಕ್ಷೇತ್ರದ ಶಾಸಕರು ಹೊಸ ರಾಜ್ಯದ ಶಾಸನಸಭೆಯ ಸದಸ್ಯರಾಗುತ್ತಾರೆ.

'ಸಾರ್ವಭೌಮತ್ವ', 'ಸ್ವಾಯತ್ತತೆ' ಅನ್ನೋ ಭಾರದ ಪದಗಳು ಇಲ್ಲಿಲ್ಲ. ಆದರೆ ಕೊಳ್ಳೇಗಾಲದ ಜಮೀನುದಾರನಿಗೆ, ಗುಮಾಸ್ತನಿಗೆ, ದೇವಸ್ಥಾನದ ಪಾರುಪತ್ಯಗಾರನಿಗೆ ಬೇಕಿದ್ದಿದ್ದು ಇದೇ. ನಾಳೆ ಬೆಳಗ್ಗೆ ನನ್ನ ಪಟ್ಟಾ ಮಾನ್ಯವೋ? ನನ್ನ ಸಂಬಳ ಕಮ್ಮಿ ಆಗುತ್ತಾ? ನನ್ನ ಕೇಸು ಏನಾಗುತ್ತೆ?

ಈ ಉಪಾಯ ಹೊಸದೂ ಅಲ್ಲ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಮತ್ತೆ ಒಡೆಯರಿಗೆ ಒಪ್ಪಿಸಿದಾಗಲೂ, ಹಸ್ತಾಂತರದ ಹೊತ್ತಿಗೆ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ ಅಂತ ಷರತ್ತು ಹಾಕಿದ್ದರು.

ಇದು ಎಷ್ಟು ದಿನ ಬಾಳಿತು ಅಂತ ನೋಡಿದರೆ ಆಶ್ಚರ್ಯ ಆಗುತ್ತೆ. ಕಂದಾಯದ ವಿಷಯದಲ್ಲಿ 1964ರ ಭೂಕಂದಾಯ ಕಾಯ್ದೆ ಬರುವವರೆಗೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕಾನೂನು. ದೇವಸ್ಥಾನಗಳ ವಿಷಯದಲ್ಲಿ ಇನ್ನೂ ಉದ್ದ. ಮಲೆ ಮಹದೇಶ್ವರ ಬೆಟ್ಟವೂ ಬರುವ ಕೊಳ್ಳೇಗಾಲ ಪ್ರದೇಶಕ್ಕೆ 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ. ಬಿಳಿಗಿರಿರಂಗನ ಬೆಟ್ಟ ಇರುವ ಯಳಂದೂರು ಕಡೆ ಮೈಸೂರಿನ 1927ರ ಕಾಯ್ದೆ. ಒಂದೇ ಸೀಮೆಯ ಭಕ್ತರು ಎರಡೂ ಬೆಟ್ಟ ಹತ್ತುತ್ತಾರೆ, ಕಾಯ್ದೆ ಮಾತ್ರ ಎರಡು. ಇವನ್ನೆಲ್ಲ ಒಂದುಗೂಡಿಸಿದ ಕರ್ನಾಟಕದ ಕಾಯ್ದೆ ಪಾಸಾಗಿದ್ದು 1997ರಲ್ಲಿ, ಜಾರಿಗೆ ಬಂದಿದ್ದು 2003ರ ಮೇ 1ರಂದು.

ತಮಾಷೆ ಏನು ಗೊತ್ತಾ? 1951ರ ಆ ಕಾಯ್ದೆಯನ್ನು ಮದ್ರಾಸ್ ತಾನೇ 1959ರಲ್ಲಿ ಕೈಬಿಟ್ಟು ಹೊಸದು ಮಾಡಿಕೊಂಡಿತ್ತು. ಮಾಡಿದವರೇ ಬಿಸಾಕಿದ ಕಾನೂನು ಕೊಳ್ಳೇಗಾಲದಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬದುಕಿತ್ತು.

ಲೆಕ್ಕ ಹಾಕಿ. ಸಾರ್ವಭೌಮತ್ವದ ಬಗ್ಗೆ ಕೊಟ್ಟ ದೊಡ್ಡ ಮಾತು ಯಳಂದೂರು ಕಡೆ 27 ತಿಂಗಳು ನಿಂತಿತು. ಯಾರೂ ಭಾಷಣದಲ್ಲಿ ಹೇಳದ ಸಣ್ಣ ಕಲಂ ಕೊಳ್ಳೇಗಾಲ ಕಡೆ 46 ವರ್ಷ ಮೀರಿ ನಿಂತಿತು.

ಸಣ್ಣ ಮಾತಿಗೂ ಒಂದು ಮಿತಿ

ಹಾಗಾದರೆ ಕಲಂ 119 ಥರದ್ದು ಇದ್ದರೆ ಸಾಕಾ? ಸಾಲದು. ಅದು ಉಳಿದಿದ್ದು ಕೊಳ್ಳೇಗಾಲದ ಮೇಲಿನ ಗೌರವದಿಂದ ಅಲ್ಲ, ಬಹುಪಾಲು ಸರ್ಕಾರದ ಉದಾಸೀನದಿಂದ.

ಇದನ್ನು ಹೇಳಿದ್ದು ಸುಪ್ರೀಂ ಕೋರ್ಟ್. ಉಡುಪಿಯ ಅದಮಾರು ಮಠದ ಪ್ರಕರಣದಲ್ಲಿ, 1979ರಲ್ಲಿ, ಇದೇ ಮದ್ರಾಸ್ ಕಾಯ್ದೆಯ ಪ್ರಶ್ನೆ ಬಂತು. ಒಂದೇ ರಾಜ್ಯದಲ್ಲಿ ಒಂದು ಭಾಗಕ್ಕೆ ಮಾತ್ರ ಬೇರೆ ಕಾನೂನು ಇರುವುದು ಸಮಾನತೆಗೆ ವಿರುದ್ಧ ಅಲ್ಲವಾ ಅನ್ನೋದು ವಾದ. ಕೋರ್ಟ್ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಪುನರ್ವಿಂಗಡಣೆ ಹೊತ್ತಿನಲ್ಲಿ ಇಂಥ ವ್ಯತ್ಯಾಸ ಸಹಜ ಅಂದಿತು. ಆದರೆ ಅದು ತಾತ್ಕಾಲಿಕ ಏರ್ಪಾಡು, ಅನಿರ್ದಿಷ್ಟ ಕಾಲ ಎಳೆಯುವಂತಿಲ್ಲ ಅಂತಲೂ ಎಚ್ಚರಿಸಿತು. ಆಗ ಪುನರ್ವಿಂಗಡಣೆ ಆಗಿ 23 ವರ್ಷ. ಎಚ್ಚರಿಕೆ ಕೇಳಿದ ಮೇಲೆ ಹೊಸ ಕಾಯ್ದೆ ಜಾರಿಗೆ ಬರಲು ಇನ್ನೂ 23 ವರ್ಷ ದಾಟಿತು.

ಅಂದರೆ, ಹಳೇ ವ್ಯವಸ್ಥೆ ಮುಂದುವರಿಯುತ್ತೆ ಅನ್ನೋ ಮಾತಿಗೆ ಮುಗಿಯುವ ದಿನ ಇಲ್ಲದಿದ್ದರೆ ಭರವಸೆಯೇ ಜಡವಾಗುತ್ತೆ. ಹಾಂಕಾಂಗ್‌ಗೆ ಮುಗಿಯುವ ದಿನ ಇತ್ತು: ಐವತ್ತು ವರ್ಷ, 2047ರ ತನಕ. ಆದರೆ ಅಲ್ಲಿನ ಮೂಲ ಕಾನೂನಿನ ಅರ್ಥ ಹೇಳುವ ಕೊನೆಯ ಅಧಿಕಾರ ಬೀಜಿಂಗ್‌ನ ಸಂಸತ್ತಿನ ಸ್ಥಾಯಿ ಸಮಿತಿಯದು. 2020ರ ಜೂನ್‌ನಲ್ಲಿ ಅದೇ ಸಮಿತಿ ರಾಷ್ಟ್ರೀಯ ಭದ್ರತಾ ಕಾನೂನು ಮಾಡಿ ಅಲ್ಲಿಗೆ ಅನ್ವಯಿಸಿತು. ಗಡುವು ಬರುವ 27 ವರ್ಷ ಮೊದಲೇ.

ಗೆರೆಯ ಆಚೆ, ಗೆರೆಯ ಈಚೆ

ಆಯೋಗ ಗೆರೆ ಎಳೆದಿದ್ದು ಹಳ್ಳಿ ಹಳ್ಳಿ ನೋಡಿ ಅಲ್ಲ. ಈ ಭಾಗದಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದು ತಾಲ್ಲೂಕನ್ನು. ಅದರಿಂದ ಕೊಳ್ಳೇಗಾಲ ಪೂರ್ತಿ ಈಚೆ ಬಂತು. ಪಕ್ಕದ ತಾಳವಾಡಿ ಕನ್ನಡ ಮಾತಾಡುವ ಸೀಮೆಯಾದರೂ ಆಚೆ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲೇ, ಇವತ್ತಿನ ಈರೋಡ್ ಜಿಲ್ಲೆಯಲ್ಲಿ. ಹಾಗೇ ಹನೂರು ಕಡೆಯ ಮಾರ್ಟಳ್ಳಿ, ಸಂದನಪಾಳ್ಯದಂಥ ತಮಿಳು ಮಾತಾಡುವ ಊರುಗಳು ಈಚೆ ಬಂದವು. ಪಶ್ಚಿಮದಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಬರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಜಾರಿ ಆಗಲಿಲ್ಲ.

ಇವರಿಗೆಲ್ಲ ಸಿಕ್ಕ ಭರವಸೆ ಏಳನೇ ತಿದ್ದುಪಡಿಯದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ರಾಜ್ಯಗಳು ಪ್ರಯತ್ನ ಮಾಡಬೇಕು ಅನ್ನುವ 350ಎ, ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಅನ್ನುವ 350ಬಿ. ಮಾತು ಒಳ್ಳೆಯದು. ಆದರೆ ಆ ಅಧಿಕಾರಿ ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡಬಹುದು, ಅಷ್ಟೇ. ಯಾವ ರಾಜ್ಯದ ಕೈಯನ್ನೂ ಹಿಡಿದು ನಿಲ್ಲಿಸಲಾಗದು.

2017ರಲ್ಲಿ ಕೇರಳ ಮಲಯಾಳಂ ಕಲಿಕೆ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನಾವೂ ಇಲ್ಲಿಂದ ದನಿಗೂಡಿಸಿದೆವು. ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಕರ್ನಾಟಕವೂ ಕನ್ನಡ ಕಲಿಕೆ ಕಾಯ್ದೆ ಮಾಡಿತ್ತು. ರಾಜ್ಯದ ಭಾಷೆ ಕಲಿಯಿರಿ ಅನ್ನೋದು ತಪ್ಪಲ್ಲ. ಆದರೆ ಕಾಸರಗೋಡಿನ ಮಗುವಿಗೆ ನಾವು ಕೇಳುವ ರಕ್ಷಣೆ ಮಾರ್ಟಳ್ಳಿಯ ಮಗುವಿಗೂ ಸಿಗಬೇಕು. ಭರವಸೆಯ ಬೆಲೆ ಗೊತ್ತಾಗೋದು ಅದನ್ನು ಕೇಳುವಾಗಲ್ಲ, ಕೊಡುವಾಗ.

ಹನೂರು: ಇವತ್ತಿನ ಪರೀಕ್ಷೆ

ಇದೆಲ್ಲ ಹಳೇ ಕತೆ ಅನ್ನಿಸಿದರೆ ಹನೂರು ನೋಡಿ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಕೊಳ್ಳೇಗಾಲ ಅದಕ್ಕೆ ಸೇರಿತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಹನೂರು ಇತ್ತು. ಕೊಳ್ಳೇಗಾಲದಿಂದ ಬೇರೆಯಾಗಿ ಅದು ತನ್ನ ಕಾಲ ಮೇಲೆ ನಿಂತಿತು. ಕಾಡಂಚಿನ ಊರುಗಳ ಜನ ಒಂದು ಪಹಣಿಗೆ, ಒಂದು ಸಹಿಗೆ ಕೊಳ್ಳೇಗಾಲದ ತನಕ ಹೋಗುವ ಕಷ್ಟ ತಪ್ಪಲಿ ಅನ್ನೋದು ಇದರ ಆಶಯ. ಒಳ್ಳೇದೇ.

ಆದರೆ ತಾಲ್ಲೂಕು ಅಂದರೆ ತಹಶೀಲ್ದಾರ್ ಕಚೇರಿಯ ಬೋರ್ಡ್ ಮಾತ್ರವಾ? ತಾಲ್ಲೂಕು ಪಂಚಾಯಿತಿಯೂ ಬೇಕಲ್ವಾ? ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಆಗ ಹನೂರು ಇನ್ನೂ ಕೊಳ್ಳೇಗಾಲ ತಾಲ್ಲೂಕು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಮುಂದೆ ಹೋಗುತ್ತಲೇ ಇತ್ತು. ಕುರ್ಚಿಯಲ್ಲಿ ಕೂತಿದ್ದು ಆಡಳಿತಾಧಿಕಾರಿಗಳು.

ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. ಇದಕ್ಕಿಂತ ದೊಡ್ಡ ಭರವಸೆ ಸ್ಥಳೀಯ ಸ್ವಾಯತ್ತತೆಗೆ ಈ ದೇಶದಲ್ಲಿ ಇಲ್ಲ. ಆದರೆ ಗಡುವು ಮೀರಿದರೆ ತಾನಾಗಿ ಏನಾಗುತ್ತೆ ಅಂತ ಎಲ್ಲೂ ಬರೆದಿಲ್ಲ. ಪರಿಣಾಮ ಇಷ್ಟು: ತಾಲ್ಲೂಕು ಸಿಕ್ಕಿತು, ತಾಲ್ಲೂಕಿನ ದನಿ ಸಿಗಲಿಲ್ಲ. ಜಹಗೀರಿನ ಕಾಲದ ಯಳಂದೂರಿನ ಹಾಗೆ ಸೀಮೆಗೆ ಹೆಸರು, ಅಧಿಕಾರ ಬೇರೆಯವರ ಕೈಲಿ.

ಕೇಳಬೇಕಾದ ನಾಲ್ಕು ಪ್ರಶ್ನೆ

ಹೊಸ ಜಿಲ್ಲೆ ಇರಲಿ, ನಗರದ ಗಡಿ ವಿಸ್ತರಣೆ ಇರಲಿ, ನಿಮ್ಮ ಗ್ರಾಮ ಪಂಚಾಯಿತಿ ಪುರಸಭೆ ಆಗುವುದೇ ಇರಲಿ, ಊರು ಕೈ ಬದಲಾಗುವಾಗ ಕೇಳಬೇಕಾದ್ದು 'ಏನು ಭರವಸೆ ಕೊಡ್ತೀರಿ' ಅಂತಲ್ಲ. ಈ ಮೂರು ತಾಲ್ಲೂಕುಗಳ ಇನ್ನೂರು ಚಿಲ್ಲರೆ ವರ್ಷದ ಲೆಕ್ಕ ನೋಡಿದ ಮೇಲೆ ನನಗೆ ಉಳಿದ ಪ್ರಶ್ನೆಗಳು ಇವು.

ಒಂದು: ಏನೂ ಮಾಡದಿದ್ದರೆ ಏನಾಗುತ್ತೆ? ಹಳೆಯದು ತಾನಾಗಿ ಮುಂದುವರಿಯುತ್ತೋ, ತಾನಾಗಿ ಬಿದ್ದುಹೋಗುತ್ತೋ? ಕಲಂ 119ರ ಬಲ ಇದ್ದಿದ್ದು ಇಲ್ಲಿ.

ಎರಡು: ಇದನ್ನು ಬದಲಿಸಬೇಕಾದರೆ ಯಾರ ಒಪ್ಪಿಗೆ ಬೇಕು? ಆ 'ಯಾರು' ನಾಳೆಯೂ ಇರುತ್ತಾರಾ? 1949ರ ಮೈಸೂರಿಗೂ 2019ರ ಕಾಶ್ಮೀರಕ್ಕೂ ಇರುವ ವ್ಯತ್ಯಾಸ ಇದು.

ಮೂರು: ಇದು ಯಾವತ್ತು ಮುಗಿಯುತ್ತೆ, ಮುಗಿಯುವ ಮೊದಲು ಯಾರು ಕೂತು ಪರಿಶೀಲಿಸುತ್ತಾರೆ? ಮದ್ರಾಸ್ ಕಾಯ್ದೆ ಅಷ್ಟು ವರ್ಷ ಎಳೆದಿದ್ದು ಈ ಪ್ರಶ್ನೆಗೆ ಉತ್ತರ ಇರಲಿಲ್ಲ ಅನ್ನೋ ಕಾರಣಕ್ಕೆ.

ನಾಲ್ಕು: ಗೆರೆಯ ತಪ್ಪು ಬದಿಗೆ ಬಿದ್ದವರು ಯಾರ ಬಾಗಿಲು ತಟ್ಟಬೇಕು, ಆ ಬಾಗಿಲ ಹಿಂದೆ ಇರುವವರಿಗೆ ಏನಾದರೂ ಮಾಡುವ ಅಧಿಕಾರ ಇದೆಯಾ?

ನಾಲ್ಕಕ್ಕೂ ಬರಹದಲ್ಲಿ ಉತ್ತರ ಇದ್ದರೆ ನಂಬಬಹುದು. ಉತ್ತರದ ಬದಲು 'ನಿಮ್ಮ ಅಸ್ಮಿತೆಗೆ ಧಕ್ಕೆ ಬರಲು ಬಿಡುವುದಿಲ್ಲ' ಅನ್ನುವ ಭಾಷಣ ಸಿಕ್ಕರೆ, ಚಪ್ಪಾಳೆ ತಟ್ಟುವ ಮೊದಲು ಕಲಂ ಸಂಖ್ಯೆ ಕೇಳಿ.